ಬೆಂಚಿನ ಹಿರಿಯರು ಜಾಗ ಹಿಡಿದು ಕೂತವರಲ್ಲ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಕ್ರೀಡಾಪುಟದಲ್ಲಿ ಪ್ರಕಟವಾದ ಬ್ಯಾಸ್ಕೆಟ್‌ಬಾಲ್ ಕುರಿತ ಲೇಖನವನ್ನು ಓದಿದೆ. ಪಂದ್ಯವೊಂದರಲ್ಲಿ ಐದು ನಿಮಿಷವೂ ಅಂಕಣಕ್ಕೆ ಇಳಿಯದ, ವಯಸ್ಸು ನಲವತ್ತರ ಹತ್ತಿರ ಬಂದ ಆಟಗಾರರನ್ನು ತಂಡಗಳು ಇನ್ನೂ ಏಕೆ ಉಳಿಸಿಕೊಂಡಿವೆ, ಆ ಜಾಗವನ್ನು ಒಬ್ಬ ಹೊಸಬರಿಗೆ ಕೊಡಬಾರದೆ ಎಂಬುದು ಲೇಖಕರ ಪ್ರಶ್ನೆ. ಅವರು ಆಡಿದ ನಿಮಿಷಗಳನ್ನೂ ಗಳಿಸಿದ ಅಂಕಗಳನ್ನೂ ಪಟ್ಟಿ ಮಾಡಿದ್ದಾರೆ. ಹೊಸಬರ ಬಗ್ಗೆ ಅವರಿಗಿರುವ ಕಾಳಜಿ ನನಗೂ ಇದೆ. ಆದರೆ ಹಿರಿಯ ಆಟಗಾರರು ಬೆಂಚಿನ ಮೇಲೆ ಕೂತು ಮಾಡುವ ಕೆಲಸ ಆ ಪಟ್ಟಿಯೊಳಗೆ ಬರುವುದೇ ಇಲ್ಲ. ಅದು ಯಾವ ಕೆಲಸ, ಅದನ್ನು ಬೇರೆ ಯಾರೂ ಮಾಡಲು ಏಕೆ ಸಾಧ್ಯವಿಲ್ಲ ಎಂಬುದನ್ನು ತಿಳಿಸಲು ಈ ಪತ್ರ. ನಾನು ಬಹಳ ವರ್ಷ ಪಾಯಿಂಟ್ ಗಾರ್ಡ್ ಆಗಿ, ಎಂದರೆ ಚೆಂಡನ್ನು ಮುಂದಕ್ಕೆ ಒಯ್ದು ತಂಡದ ಆಟ ನಡೆಸುವವಳಾಗಿ, ಆಡಿದವಳು. ಈಗ ಮೊಣಕಾಲು ಓಟಕ್ಕೆ ಒಪ್ಪುವುದಿಲ್ಲ, ಹಾಗಾಗಿ ಹದಿನಾರು ಹದಿನೇಳರ ಹುಡುಗಿಯರಿಗೆ ಕಲಿಸುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ಲೇಖನದಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಮಯಾಮಿ ಹೀಟ್ ತಂಡದ ಯುಡೊನಿಸ್ ಹ್ಯಾಸ್ಲೆಮ್ ಅವರ ಉದಾಹರಣೆ ಇದೆ, ಅಲ್ಲಿಂದಲೇ ಆರಂಭಿಸುತ್ತೇನೆ. 2003ರಿಂದ 2023ರವರೆಗೆ ಇಪ್ಪತ್ತು ಋತುಗಳನ್ನು ಒಂದೇ ತಂಡಕ್ಕೆ ಆಡಿದವರು ಅವರು. ಕೊನೆಯ ಏಳು ಋತುಗಳಲ್ಲಿ ಯಾವ ವರ್ಷವೂ ಇಪ್ಪತ್ತು ಪಂದ್ಯಗಳನ್ನು ಮುಟ್ಟಲಿಲ್ಲ, 2020-21ರಲ್ಲಿ ಆಡಿದ್ದು ಒಂದೇ ಒಂದು ಪಂದ್ಯ. ಲೇಖಕರು ಇಷ್ಟು ಹೇಳಿ ನಿಲ್ಲಿಸಿದ್ದಾರೆ. ಹೇಳದೆ ಉಳಿದದ್ದು ಬಹಳ ಇದೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2002ರಲ್ಲಿ, ಹ್ಯಾಸ್ಲೆಮ್ ಅವರನ್ನು ಯಾವ ತಂಡವೂ ಆರಿಸಲಿಲ್ಲ. ಒಂದು ವರ್ಷ ಫ್ರಾನ್ಸ್‌ನಲ್ಲಿ ಆಡಿ, ಮೈಯ ತೂಕ ಇಳಿಸಿಕೊಂಡು, ಮರಳಿ ಬಂದು ತಮ್ಮ ಜಾಗ ಗಳಿಸಿದರು. 2006, 2012 ಮತ್ತು 2013ರಲ್ಲಿ ಚಾಂಪಿಯನ್ ಆದ ಮೂರೂ ತಂಡಗಳಲ್ಲಿ ಅವರಿದ್ದರು. ಈಗ 2023ರ ಹೀಟ್ ತಂಡವನ್ನು ನೋಡಿ. ತನ್ನ ವಿಭಾಗದಲ್ಲಿ ಎಂಟನೆಯ ಸ್ಥಾನದಿಂದ ಹೊರಟು ಅದು ಫೈನಲ್ ತಲುಪಿತು. ಡಂಕನ್ ರಾಬಿನ್ಸನ್, ಮ್ಯಾಕ್ಸ್ ಸ್ಟ್ರೂಸ್, ಗೇಬ್ ವಿನ್ಸೆಂಟ್, ಕೇಲೆಬ್ ಮಾರ್ಟಿನ್, ಇವರೆಲ್ಲ ಡ್ರಾಫ್ಟ್‌ನಲ್ಲಿ ಯಾರೂ ಕೇಳದೆ ಬಿಟ್ಟವರು. ಅಂಥ ಹುಡುಗನೊಬ್ಬ ಅಭ್ಯಾಸಕ್ಕೆ ಬಂದಾಗ, ಅದೇ ದಾರಿಯಲ್ಲಿ ನಡೆದು ಮೂರು ಬಾರಿ ಗೆದ್ದ ಮನುಷ್ಯ ಎಲ್ಲರಿಗಿಂತ ಮೊದಲು ಬಂದು ಬೆವರು ಸುರಿಸುತ್ತಿರುವುದನ್ನು ಕಾಣುತ್ತಾನೆ. ಈ ಪಾಠವನ್ನು ಗೋಡೆಗೆ ಬರೆದು ತೂಗುಹಾಕಿ ಕಲಿಸಲಾಗದು. 2017ರಲ್ಲಿ ತಂಡಕ್ಕೆ ಬಂದ ಬ್ಯಾಮ್ ಅಡೆಬಾಯೊ ತಮ್ಮನ್ನು ರೂಪಿಸಿದವರ ಹೆಸರು ಹೇಳುವಾಗಲೆಲ್ಲ ಹ್ಯಾಸ್ಲೆಮ್ ಹೆಸರನ್ನು ಬಿಡುವುದಿಲ್ಲ. ಇನ್ನೊಂದು ಮಾತು: 2023ರ ಏಪ್ರಿಲ್‌ನಲ್ಲಿ ತಮ್ಮ ಕೊನೆಯ ಲೀಗ್ ಪಂದ್ಯದಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಹ್ಯಾಸ್ಲೆಮ್ 24 ಅಂಕ ಗಳಿಸಿದರು. ವರ್ಷವಿಡೀ ಬೆಂಚಿನಲ್ಲಿದ್ದವರು ಮೈಯನ್ನು ಎಷ್ಟು ಸಿದ್ಧವಾಗಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಇಷ್ಟು ಸಾಕು.

"ಕಲಿಸುವುದಕ್ಕೆ ಕೋಚ್ ಇಲ್ಲವೆ?" ಎಂದು ಲೇಖಕರು ಕೇಳುತ್ತಾರೆ. ಇದ್ದಾರೆ. ಆದರೆ ಆಟ ನಡೆಯುವಾಗ ಅವರ ಕೈ ಕಟ್ಟಿದಂತೆಯೇ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 40 ನಿಮಿಷಗಳ ಪಂದ್ಯದಲ್ಲಿ ತಂಡಕ್ಕೆ ಸಿಗುವುದು ಮೊದಲರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು ಟೈಮ್‌ಔಟ್, ಒಂದೊಂದೂ ಒಂದು ನಿಮಿಷ. ಉಳಿದಂತೆ ಕೋಚ್ ಗೆರೆಯಾಚೆ ನಿಂತು ಕೂಗಬೇಕು, ಆ ಗದ್ದಲದಲ್ಲಿ ಕೂಗು ಕೇಳಿಸುವುದೂ ಅಷ್ಟರಲ್ಲೇ ಇದೆ. ಒಳಗೆ ಇರುವವರು ಐವರೇ. ಎದುರಾಳಿಯ ಎತ್ತರದ ಆಟಗಾರ್ತಿ ಸ್ಕ್ರೀನ್ ಹಾಕಲು, ಎಂದರೆ ದಾರಿಗೆ ಅಡ್ಡ ನಿಲ್ಲಲು, ಬೆನ್ನ ಹಿಂದಿನಿಂದ ಬರುತ್ತಿದ್ದರೆ ಚೆಂಡಿನ ಮುಂದೆ ನಿಂತ ನಮ್ಮ ಗಾರ್ಡ್‌ಗೆ ಅದು ಕಾಣುವುದಿಲ್ಲ. ಹಿಂದೆ ನಿಂತವಳು "ಎಡಕ್ಕೆ ಸ್ಕ್ರೀನ್" ಎಂದು ಒಂದು ಕ್ಷಣ ಮೊದಲು ಹೇಳಬೇಕು, ನಾನು ಮುಂದೆ ಬರುತ್ತೇನೋ ಹಿಂದೆ ಉಳಿಯುತ್ತೇನೋ ಎಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಬೇಕು. ಚಿಕ್ಕ ವಯಸ್ಸಿನ ಆಟಗಾರರು ಎಷ್ಟೇ ಪ್ರತಿಭಾವಂತರಾದರೂ ಅಂಕಣದಲ್ಲಿ ಬಾಯಿ ಬಿಡುವುದಿಲ್ಲ. ನನ್ನ ಹುಡುಗಿಯರಲ್ಲಿ ನಾನು ನಿತ್ಯ ಕಾಣುವುದು ಇದೇ. ಓಡುತ್ತಾರೆ, ನೆಗೆಯುತ್ತಾರೆ, ಮಾತಾಡುವುದಿಲ್ಲ. ತಪ್ಪು ಹೇಳಿದರೆ ಯಾರಾದರೂ ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ. ಆ ಅಂಜಿಕೆಯನ್ನು ಬಿಡಿಸುವುದು ಕೋಚ್‌ನ ಗದರಿಕೆಯಿಂದ ಆಗದು. ಪಕ್ಕದಲ್ಲೇ ಆಡುತ್ತಿರುವ, ತಾನೂ ತಪ್ಪು ಮಾಡುವ, ಆದರೂ ಗಟ್ಟಿಯಾಗಿ ಮಾತಾಡುವ ಹಿರಿಯರೊಬ್ಬರನ್ನು ಕೇಳಿಸಿಕೊಂಡೇ ಬಾಯಿ ಬರಬೇಕು.

ನನಗೆ ಬಾಯಿ ಬಂದದ್ದು ಹಾಗೆಯೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಂಸ್ಥೆಯೊಂದರ ತಂಡ ಸೇರಿದಾಗ ಅಲ್ಲಿ ಪಾಯಿಂಟ್ ಗಾರ್ಡ್ ಆಗಿದ್ದವರು ನನಗಿಂತ ಹದಿಮೂರು ವರ್ಷ ದೊಡ್ಡವರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರ ಜಾಗಕ್ಕೆಂದೇ ನನ್ನನ್ನು ತೆಗೆದುಕೊಂಡಿದ್ದರು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊದಲ ದಿನವೇ ಅವರು ನನ್ನನ್ನು ಬುಟ್ಟಿಯ ಕೆಳಗೆ ಕರೆದುಕೊಂಡು ಹೋಗಿ, "ಎದುರಿನವಳ ಕಣ್ಣು ನೋಡಬೇಡ, ಅದು ಮೋಸ ಮಾಡುತ್ತದೆ. ಕೈ ಎಲ್ಲಿದೆ ನೋಡು. ಕೈ ಮೇಲಿದ್ದರೆ ಚೆಂಡು ಕೆಳಗಿನಿಂದ ಬೌನ್ಸ್ ಆಗಿ ಹೋಗಲಿ. ಕೈ ಕೆಳಗಿದ್ದರೆ ಅವಳ ಕಿವಿಯ ಪಕ್ಕದಿಂದ ದಾಟಿಸು" ಎಂದರು. ಇಷ್ಟು ಸರಳವಾದ ಮಾತನ್ನು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಕಿವಿಯ ಪಕ್ಕದಿಂದ ಹೋಗುವ ಚೆಂಡಿಗೆ ಕೈ ಎತ್ತಿ ಅಡ್ಡ ಹಾಕುವುದು ಮನುಷ್ಯರ ತೋಳಿಗೆ ಬಹಳ ಕಷ್ಟ ಎಂಬುದನ್ನು ನಾನು ಆಮೇಲೆ ನೂರಾರು ಹುಡುಗಿಯರಿಗೆ ತೋರಿಸಿಕೊಟ್ಟಿದ್ದೇನೆ.

ಅಕ್ಕ ಹೆಚ್ಚು ಕಲಿಸಿದ್ದು ಫ್ರೀಥ್ರೋ ಸಮಯದಲ್ಲಿ, ಎಂದರೆ ಫೌಲ್‌ಗೆ ಪ್ರತಿಯಾಗಿ ಯಾರೂ ಅಡ್ಡಬರದೆ ಬುಟ್ಟಿಗೆ ಎಸೆಯುವ ಅವಕಾಶ ಸಿಕ್ಕಾಗ. ಫೌಲ್ ಆಗಿ ಎದುರಾಳಿ ಗೆರೆಯ ಬಳಿ ನಡೆದು ಬರುವಷ್ಟರಲ್ಲಿ ಕೆಲವು ಸೆಕೆಂಡುಗಳು ಸಿಗುತ್ತವೆ. ಐವರೂ ಹತ್ತಿರ ಬಂದು ತಲೆ ಜೋಡಿಸುತ್ತೇವೆ. ಆಗ ಅಕ್ಕ ಹಿಂದೆ ಆದದ್ದನ್ನು ಎಂದೂ ಎತ್ತುತ್ತಿರಲಿಲ್ಲ. ಮುಂದಿನ ಒಂದೇ ಒಂದು ಕೆಲಸ ಹೇಳುತ್ತಿದ್ದರು. "ಅವರ ನಾಲ್ಕನೆಯವಳಿಗೆ ಮೂರು ಫೌಲ್ ಆಗಿದೆ, ಚೆಂಡು ಅವಳ ಮೇಲೆಯೇ ಒಯ್ಯಿ." ಅಷ್ಟೇ. ಐದು ಫೌಲ್ ಆದವಳು ಆಟದಿಂದ ಹೊರಗೆ ಹೋಗಬೇಕು, ಅದೇ ಲೆಕ್ಕ. ನಾನು ಆಗಷ್ಟೇ ಚೆಂಡು ಕಳೆದುಕೊಂಡು ಕುಗ್ಗಿದ್ದರೂ ಆ ಮಾತು ಕೇಳಿದ ಕೂಡಲೇ ಮನಸ್ಸು ಮುಂದಕ್ಕೆ ಹೋಗುತ್ತಿತ್ತು. ಮೂರನೆಯ ವರ್ಷ ಅವರು ಬೆಂಚಿಗೆ ಸರಿದರು, ನಾನು ಆರಂಭದ ಐವರಲ್ಲಿ ಸೇರಿದೆ. ಆಮೇಲೆಯೂ ಫ್ರೀಥ್ರೋ ಆದಾಗಲೆಲ್ಲ ನಾನು ಬೆಂಚಿನ ಕಡೆ ನೋಡುತ್ತಿದ್ದೆ. ಅವರು ಎರಡು ಬೆರಳೋ ಮೂರು ಬೆರಳೋ ತೋರಿಸುತ್ತಿದ್ದರು, ಯಾರ ಮೇಲೆ ಎಷ್ಟು ಫೌಲ್ ಎಂದು. ಆ ಕಾಲದ ಅಂಕಪಟ್ಟಿ ತೆಗೆದು ನೋಡಿದರೆ ಅವರ ಹೆಸರಿನ ಮುಂದೆ ಸೊನ್ನೆಗಳೇ ಕಾಣುತ್ತವೆ. ನನ್ನ ಹೆಸರಿನ ಮುಂದೆ ಇರುವ ಅಸಿಸ್ಟ್‌ಗಳಲ್ಲಿ, ಎಂದರೆ ಅಂಕಕ್ಕೆ ದಾರಿಯಾದ ಪಾಸ್‌ಗಳಲ್ಲಿ, ಎಷ್ಟು ಅವರವು ಎಂದು ಯಾವ ಪಟ್ಟಿ ಹೇಳುತ್ತದೆ?

ಹುಡುಗಿಯರ ತಂಡದಲ್ಲಿ ಹಿರಿಯರೊಬ್ಬರು ಇರಲೇಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಇದನ್ನು ಪತ್ರಿಕೆಯಲ್ಲಿ ನೇರವಾಗಿಯೇ ಬರೆಯಬೇಕು. ಮುಟ್ಟಿನ ದಿನಗಳಲ್ಲಿ ಪಂದ್ಯ ಬಂದರೆ ಏನು ಮಾಡಬೇಕು, ಯಾವಾಗ ವೈದ್ಯರ ಬಳಿ ಹೋಗಬೇಕು, ಮುಟ್ಟು ತಿಂಗಳುಗಟ್ಟಲೆ ನಿಂತುಹೋದರೆ ಅದನ್ನು ಕಠಿಣ ಅಭ್ಯಾಸದ ಗುರುತು ಎಂದು ಹೆಮ್ಮೆಪಡದೆ ಎಚ್ಚರಿಕೆ ಎಂದು ತಿಳಿಯಬೇಕು, ಇದೆಲ್ಲ ನಮಗೆ ಹೇಳಿದ್ದು ಅಕ್ಕ. ನಮ್ಮ ಕೋಚ್ ಒಳ್ಳೆಯವರು, ಆದರೆ ಅವರು ಈ ಮಾತು ಎತ್ತುವವರಲ್ಲ, ನಾವು ಅವರಲ್ಲಿ ಕೇಳುವವರೂ ಅಲ್ಲ. ಮೊಣಕಾಲಿನ ವಿಷಯವೂ ಹಾಗೆಯೇ. ಮೊಣಕಾಲೊಳಗಿನ ಮುಂಭಾಗದ ಅಸ್ಥಿರಜ್ಜು ಹರಿಯುವ ಅಪಾಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪುರುಷರಿಗಿಂತ ಮಹಿಳೆಯರಿಗೆ ಬಹಳ ಹೆಚ್ಚು, ಮತ್ತು ಅದು ಎಷ್ಟೋ ಸಲ ಯಾರೂ ತಾಗದೆ, ಬರೀ ನೆಗೆದು ಇಳಿಯುವಾಗ ಆಗುತ್ತದೆ. ರೀಬೌಂಡ್‌ಗೆ, ಎಂದರೆ ಬುಟ್ಟಿ ತಪ್ಪಿ ಮರಳಿದ ಚೆಂಡಿಗೆ, ನೆಗೆದವಳು ಎರಡೂ ಪಾದಗಳ ಮೇಲೆ, ಮಂಡಿ ಬಾಗಿಸಿ, ಮಂಡಿ ಒಳಕ್ಕೆ ವಾಲದಂತೆ ಇಳಿಯಬೇಕು. ಅಕ್ಕ ಅಭ್ಯಾಸದ ಕೊನೆಯಲ್ಲಿ, ಎಲ್ಲರಿಗೂ ಸುಸ್ತಾದ ಮೇಲೆ, ಇದನ್ನು ಮಾಡಿಸುತ್ತಿದ್ದರು. ದಣಿದಾಗಲೇ ಮಂಡಿ ಒಳಕ್ಕೆ ಬೀಳುವುದು ಎಂದು ಅವರು ಹೇಳುತ್ತಿದ್ದರು. ತಮ್ಮ ಕಾಲಿನ ಮೇಲಿನ ಹೊಲಿಗೆಯ ಗುರುತನ್ನು ತೋರಿಸಿ ಹೇಳುವವರ ಮಾತನ್ನು ಯಾವ ಹುಡುಗಿ ತಳ್ಳಿಹಾಕುತ್ತಾಳೆ!

ನನ್ನ ಅನುಭವ ಸಣ್ಣ ಅಂಕಣದ್ದು, ನಿಜ. ದೊಡ್ಡ ಅಂಕಣದಲ್ಲಿಯೂ ಕಥೆ ಇದೇ. 1984ರಲ್ಲಿ ಚಾರ್ಲ್ಸ್ ಬಾರ್ಕ್ಲಿ ಫಿಲಡೆಲ್ಫಿಯಾ ತಂಡಕ್ಕೆ ಬಂದಾಗ ಅವರ ತೂಕ ಸುಮಾರು 300 ಪೌಂಡ್, ಎಂದರೆ 136 ಕಿಲೋ. ತನಗೆ ಆಡಲು ಹೆಚ್ಚು ಸಮಯ ಏಕೆ ಸಿಗುತ್ತಿಲ್ಲ ಎಂದು ಅವರು ತಂಡದ ಹಿರಿಯ ಸೆಂಟರ್, ಎಂದರೆ ಬುಟ್ಟಿಯ ಬಳಿ ಆಡುವ, ಮೋಸೆಸ್ ಮಲೋನ್ ಅವರನ್ನು ಕೇಳಿದರು. ಮಲೋನ್ ಆಗಲೇ ಮೂರು ಬಾರಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡವರು. ನೀನು ದಪ್ಪಗಿದ್ದೀಯ, ಸೋಮಾರಿಯೂ ಹೌದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಮಲೋನ್ ಅಭ್ಯಾಸಕ್ಕೆ ಮೊದಲೂ ಆಮೇಲೂ ಜೊತೆಗೆ ನಿಂತು ದುಡಿಸಿದರು. ಮೊದಲು ಹತ್ತು ಪೌಂಡ್ ಇಳಿಸು ಎಂದರು, ಅದಾದ ಮೇಲೆ ಇನ್ನು ಹತ್ತು. ಹೀಗೆ 250 ಪೌಂಡ್‌ಗೆ ತಂದು ನಿಲ್ಲಿಸಿದರು. ಒಟ್ಟು ಐವತ್ತು ಪೌಂಡ್ ಎಂದು ಮೊದಲ ದಿನವೇ ಹೇಳಿದ್ದರೆ ಹುಡುಗ ಎದೆಗುಂದುತ್ತಿದ್ದನೋ ಏನೋ. ಬಾರ್ಕ್ಲಿ 1993ರಲ್ಲಿ ತಾವೂ ಅತ್ಯಂತ ಮೌಲ್ಯಯುತ ಆಟಗಾರರಾದರು. ಮಲೋನ್ ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದರು. 2015ರಲ್ಲಿ ಮಲೋನ್ ತೀರಿಕೊಂಡಾಗ ಈ ಐವತ್ತು ಪೌಂಡ್‌ಗಳ ಋಣವನ್ನೇ ಸ್ಮರಿಸಿದರು. ಇದೇ ಮಲೋನ್ ಅದಕ್ಕೂ ಮೊದಲು ಹ್ಯೂಸ್ಟನ್‌ನ ಫಾಂಡಿ ಕ್ರೀಡಾಕೇಂದ್ರದಲ್ಲಿ ಬೇಸಿಗೆಯುದ್ದಕ್ಕೂ ಒಬ್ಬ ಕಾಲೇಜು ಹುಡುಗನ ಜೊತೆ ಮೈಗೆ ಮೈ ತಾಗಿಸಿ ಆಡಿ ಅವನನ್ನು ಗಟ್ಟಿ ಮಾಡಿದ್ದರು. ಆ ಹುಡುಗ ಹಕೀಮ್ ಒಲಾಜುವಾನ್. ಮುಂದೆ ಇದೇ ಒಲಾಜುವಾನ್ ಬಳಿಗೆ ಕೋಬಿ ಬ್ರಯಂಟ್ ಮತ್ತು ಲೆಬ್ರಾನ್ ಜೇಮ್ಸ್ ಬುಟ್ಟಿಯ ಬಳಿಯ ಕಾಲ್ಚಳಕ ಕಲಿಯಲು ಹೋದರು. ಮಲೋನ್ ಅವರ ಅಂಕಗಳನ್ನು ಎಣಿಸುವವರು ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಸದ್ದಿಲ್ಲದೆ ಕಲಿಸುವವರೂ ಇದ್ದಾರೆ. 1979ರ ಅಕ್ಟೋಬರ್‌ನಲ್ಲಿ ಮ್ಯಾಜಿಕ್ ಜಾನ್ಸನ್ ಲೇಕರ್ಸ್ ತಂಡಕ್ಕೆ ತಮ್ಮ ಮೊದಲ ಪಂದ್ಯ ಆಡಿದರು. ಕೊನೆಯ ಕ್ಷಣದಲ್ಲಿ ತಂಡದ ಹಿರಿಯ ಕರೀಮ್ ಅಬ್ದುಲ್ ಜಬ್ಬಾರ್ ತಮ್ಮ ಸ್ಕೈ ಹುಕ್, ಎಂದರೆ ಒಂದೇ ಕೈಯನ್ನು ತಲೆಯ ಮೇಲಿನಿಂದ ಬೀಸಿ ಎಸೆಯುವ ಹೊಡೆತ, ಹೊಡೆದು ಗೆಲ್ಲಿಸಿದಾಗ, ಚಾಂಪಿಯನ್‌ಶಿಪ್ಪೇ ಗೆದ್ದಷ್ಟು ಸಂಭ್ರಮದಿಂದ ಮ್ಯಾಜಿಕ್ ಅವರ ಕೊರಳಿಗೆ ಜೋತುಬಿದ್ದರು. ಇನ್ನೂ 81 ಪಂದ್ಯ ಬಾಕಿ ಇವೆ, ಸಮಾಧಾನ ಎಂಬರ್ಥದ ಮಾತನ್ನು ಕರೀಮ್ ಹೇಳಿದರು. ಆ ಒಂದೇ ಋತುವಿನ ಕೊನೆಯಲ್ಲಿ, ಏಳು ಪಂದ್ಯಗಳವರೆಗೂ ನಡೆಯಬಹುದಾದ ಫೈನಲ್‌ನ ಆರನೆಯ ಪಂದ್ಯಕ್ಕೆ ಕರೀಮ್ ಗಾಯದಿಂದ ಹೊರಗುಳಿದಾಗ, ಇಪ್ಪತ್ತು ವರ್ಷದ ಮ್ಯಾಜಿಕ್ ಅವರ ಜಾಗದಲ್ಲಿ ಆಟ ಆರಂಭಿಸಿ 42 ಅಂಕ, 15 ರೀಬೌಂಡ್, 7 ಅಸಿಸ್ಟ್ ಗಳಿಸಿ ಪ್ರಶಸ್ತಿ ಗೆದ್ದುಕೊಟ್ಟರು. ಎಲ್ಲರೂ ನೆನೆಯುವುದು ಇದನ್ನು. ನನಗೆ ಇದಕ್ಕಿಂತ ಪ್ರಿಯವಾದದ್ದು 1987ರ ಫೈನಲ್‌ನ ನಾಲ್ಕನೆಯ ಪಂದ್ಯ. ಬಾಸ್ಟನ್‌ನಲ್ಲಿ ಎರಡು ಸೆಕೆಂಡು ಉಳಿದಿದ್ದಾಗ ಮ್ಯಾಜಿಕ್ ಹೊಡೆದದ್ದು ಕರೀಮ್ ಅವರ ಬಳಿಯೇ ಕಲಿತ ಹುಕ್, ಸ್ವಲ್ಪ ಗಿಡ್ಡದ್ದು. ಲೇಕರ್ಸ್ 107-106ರಿಂದ ಗೆದ್ದಿತು. ಕರೀಮ್ ಆಗ ನಲವತ್ತಕ್ಕೆ ಕಾಲಿಟ್ಟಿದ್ದರು. ಜಗತ್ತಿನಲ್ಲಿ ತನಗೊಬ್ಬನಿಗೇ ಸಿದ್ಧಿಸಿದ ಹೊಡೆತವನ್ನು ಕರೀಮ್ ಬಚ್ಚಿಟ್ಟುಕೊಳ್ಳಲಿಲ್ಲ.

ಇವೆಲ್ಲಕ್ಕಿಂತ ಕಷ್ಟದ್ದು ಡೇವಿಡ್ ರಾಬಿನ್ಸನ್ ಮಾಡಿದ್ದು. 1995ರಲ್ಲಿ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡ ಅವರು 1996-97ರಲ್ಲಿ ಗಾಯಗೊಂಡು ಆರೇ ಪಂದ್ಯ ಆಡಿದರು, ಸ್ಯಾನ್ ಆಂಟೋನಿಯೊ ತಂಡ 82ರಲ್ಲಿ ಇಪ್ಪತ್ತನ್ನು ಮಾತ್ರ ಗೆದ್ದಿತು. ಆ ಸೋಲಿನ ಫಲವಾಗಿ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಕ್ಕಿ ಬಂದವರು ಟಿಮ್ ಡಂಕನ್, ರಾಬಿನ್ಸನ್ ಅವರಂತೆಯೇ ಬುಟ್ಟಿಯ ಬಳಿ ಆಡುವವರು. ಎರಡು ವರ್ಷದೊಳಗೆ ತಂಡದ ಆಟವೆಲ್ಲ ಡಂಕನ್ ಸುತ್ತ ತಿರುಗತೊಡಗಿತು. ರಾಬಿನ್ಸನ್ ಮುನಿಸಿಕೊಳ್ಳಲಿಲ್ಲ, ಬೇರೆ ತಂಡ ಹುಡುಕಲಿಲ್ಲ. ಚೆಂಡನ್ನು ಕಿರಿಯನಿಗೆ ಬಿಟ್ಟು ತಾವು ರೀಬೌಂಡ್, ರಕ್ಷಣೆ, ಸ್ಕ್ರೀನ್ ನೋಡಿಕೊಂಡರು. 1999ರಲ್ಲಿ ಚಾಂಪಿಯನ್‌ಶಿಪ್ ಗೆದ್ದರು. 2003ರಲ್ಲಿ ಮತ್ತೆ ಗೆದ್ದ ದಿನವೇ ರಾಬಿನ್ಸನ್ ಅವರ ಕೊನೆಯ ಪಂದ್ಯ: 13 ಅಂಕ, 17 ರೀಬೌಂಡ್. ಡಂಕನ್ ಆ ಪಂದ್ಯದಲ್ಲಿ 21 ಅಂಕ, 20 ರೀಬೌಂಡ್, 10 ಅಸಿಸ್ಟ್ ಗಳಿಸಿದರು. ತನ್ನ ಹಿರಿಮೆ ಇನ್ನೂ ಉಳಿದಿರುವಾಗಲೇ ಅದನ್ನು ಬಿಟ್ಟುಕೊಡುವುದು ಎಂಥ ಕೆಲಸ ಎಂಬುದು ತಂಡದಲ್ಲಿ ಆಡಿದವರಿಗಷ್ಟೇ ತಿಳಿಯುತ್ತದೆ. ನಾನು ನೋಡಿದ ತಂಡಗಳಲ್ಲಿ ಹೆಚ್ಚಿನ ಜಗಳಗಳು ಹುಟ್ಟಿದ್ದು ಈ ಒಂದು ಕಡೆಯೇ.

ಇದು ಒಬ್ಬರಿಂದ ಒಬ್ಬರಿಗೆ ಹರಿದು ಹೋಗುತ್ತದೆ ಎಂಬುದಕ್ಕೆ ಮಿನೆಸೊಟ ತಂಡವನ್ನು ನೋಡಿ. 1995ರಲ್ಲಿ ಶಾಲೆ ಮುಗಿಸಿ ನೇರ ವೃತ್ತಿಪರ ಲೀಗ್‌ಗೆ ಬಂದ ಕೆವಿನ್ ಗಾರ್ನೆಟ್‌ಗೆ ಹತ್ತೊಂಬತ್ತು ವರ್ಷ. ಅವರನ್ನು ತಿದ್ದಿದ ಹಿರಿಯರಲ್ಲಿ ಸ್ಯಾಮ್ ಮಿಚೆಲ್ ಒಬ್ಬರು. ಇಪ್ಪತ್ತು ವರ್ಷಗಳ ನಂತರ, 2015ರಲ್ಲಿ, ಗಾರ್ನೆಟ್ ಅದೇ ತಂಡಕ್ಕೆ ಹಿರಿಯರಾಗಿ ಮರಳಿದರು. ಆ ವರ್ಷ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಬಂದ ಕಾರ್ಲ್ ಆಂಥನಿ ಟೌನ್ಸ್‌ಗೆ ಅಭ್ಯಾಸದಲ್ಲಿ ಜೊತೆಯಾದರು. ಬದಿಯಲ್ಲಿ ಕೋಚ್ ಆಗಿ ನಿಂತಿದ್ದವರು ಅದೇ ಸ್ಯಾಮ್ ಮಿಚೆಲ್! ಮಹಿಳೆಯರಲ್ಲಿ ಈ ಸಾಲು ಇನ್ನೂ ಉದ್ದ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡಾನ್ ಸ್ಟೇಲಿ ಅಮೆರಿಕದ ಧ್ವಜ ಹಿಡಿದವರು, ಅದು ಅವರ ಮೂರನೆಯ ಹಾಗೂ ಕೊನೆಯ ಒಲಿಂಪಿಕ್ಸ್. ಆ ತಂಡದ ಕಿರಿಯರು ಸೂ ಬರ್ಡ್ ಮತ್ತು ಡಯಾನಾ ಟೌರಾಸಿ. ಟೋಕಿಯೊದಲ್ಲಿ ಧ್ವಜ ಹಿಡಿದವರಲ್ಲಿ ಸೂ ಬರ್ಡ್ ಒಬ್ಬರು, ಕೋಚ್ ಆಗಿದ್ದವರು ಸ್ಟೇಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ 67-66ರ ಅಂಚಿನಲ್ಲಿ ಗೆದ್ದ ತಂಡದ ಜೊತೆ ನಲವತ್ತೆರಡರ ಟೌರಾಸಿ ಇದ್ದರು. ಫೈನಲ್‌ನಲ್ಲಿ ಅವರು ಆಡಲಿಲ್ಲ, ಬೆಂಚಿನಲ್ಲೇ ಇದ್ದರು. ಅದು ಅವರ ಆರನೆಯ ಚಿನ್ನ. ಲೇಖಕರ ಅಳತೆಗೋಲಿನಿಂದ ಅಳೆದರೆ ಆ ಸಂಜೆ ಟೌರಾಸಿ ಅನಗತ್ಯ. ಅವರ ಪಕ್ಕದಲ್ಲಿ ಕೂತಿದ್ದ ಹೊಸಬರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಹಣದ ವಿಷಯ. ಎನ್‌ಬಿಎಯಲ್ಲಿ ಹತ್ತು ವರ್ಷ ಆಡಿದವರ ಕನಿಷ್ಠ ವೇತನ ಹೊಸಬರ ಕನಿಷ್ಠ ವೇತನದ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಾಗಿದ್ದರೆ ತಂಡಗಳು ಅಗ್ಗದ ಹೊಸಬರನ್ನೇ ಆರಿಸಬಹುದಲ್ಲ? ಈ ಅಪಾಯ ಲೀಗ್‌ಗೂ ಆಟಗಾರರ ಸಂಘಕ್ಕೂ ಗೊತ್ತಿದೆ. ಆದ್ದರಿಂದ ಹಿರಿಯರೊಬ್ಬರನ್ನು ಕನಿಷ್ಠ ವೇತನಕ್ಕೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರೆ, ತಂಡದ ಲೆಕ್ಕಕ್ಕೆ ಬೀಳುವುದು ಎರಡು ವರ್ಷದ ಅನುಭವ ಇರುವವರ ಕನಿಷ್ಠ ವೇತನ ಮಾತ್ರ, ಮೇಲಿನದ್ದನ್ನು ಲೀಗ್ ತುಂಬಿಕೊಡುತ್ತದೆ. ವ್ಯಾಪಾರದಲ್ಲಿ ಬಿಗಿಯಾದ ಒಂದು ಸಂಸ್ಥೆ ಅನುಭವಕ್ಕೆಂದು ಕೈಯಿಂದ ಹಣ ಹಾಕುತ್ತಿದೆ ಎಂದರೆ ಅದರಲ್ಲಿ ಹುರುಳಿರಲೇಬೇಕು. 2013ರಿಂದ ಲೀಗ್ ಉತ್ತಮ ಸಹ ಆಟಗಾರ ಪ್ರಶಸ್ತಿಯನ್ನೂ ಕೊಡುತ್ತಿದೆ, ಆರಿಸುವವರು ಆಟಗಾರರೇ. 1958ರಲ್ಲಿ ಅಂಕಣದಲ್ಲಿ ತಲೆಗೆ ಪೆಟ್ಟುಬಿದ್ದು ಪಾರ್ಶ್ವವಾಯುವಿಗೆ ತುತ್ತಾದ ಮಾರಿಸ್ ಸ್ಟೋಕ್ಸ್ ಹಾಗೂ ಅವರ ಕಾನೂನುಬದ್ಧ ಪೋಷಕರಾಗಿ ಕೊನೆಯವರೆಗೂ ನೋಡಿಕೊಂಡ ಸಹ ಆಟಗಾರ ಜ್ಯಾಕ್ ಟ್ವೈಮನ್, ಇವರಿಬ್ಬರ ಹೆಸರಿನಲ್ಲಿ ಆ ಪ್ರಶಸ್ತಿ. ಮೊದಲ ವರ್ಷ ಪಡೆದವರು ಚಾನ್ಸಿ ಬಿಲಪ್ಸ್. ಆಮೇಲೆ ಶೇನ್ ಬ್ಯಾಟಿಯರ್, ಡಂಕನ್, ವಿನ್ಸ್ ಕಾರ್ಟರ್, ಡರ್ಕ್ ನೊವಿಟ್ಸ್ಕಿ. ಹೆಚ್ಚಿನವರು ವೃತ್ತಿಯ ಸಂಜೆಯಲ್ಲಿದ್ದವರು.

ಲೇಖಕರ ಮಾತಿನಲ್ಲಿ ನಾನು ಒಪ್ಪುವ ಭಾಗವೂ ಇದೆ. ಅಮೆರಿಕದ ಮಹಿಳಾ ಲೀಗ್‌ನಲ್ಲಿ ಬಹಳ ಕಾಲ ಇದ್ದದ್ದು ಹನ್ನೆರಡು ತಂಡ, ಒಂದೊಂದರಲ್ಲಿ ಹೆಚ್ಚೆಂದರೆ ಹನ್ನೆರಡು ಮಂದಿ. ಇಡೀ ಲೀಗ್‌ಗೆ 144 ಜಾಗ. ಅಲ್ಲಿ ಒಬ್ಬ ಹಿರಿಯರು ಉಳಿದರೆ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಹುಡುಗಿಯೊಬ್ಬಳು ಮನೆಗೆ ಹೋಗುತ್ತಾಳೆ, ಇದು ಸುಳ್ಳಲ್ಲ. ಇದಕ್ಕೆ ಪರಿಹಾರ ಜಾಗಗಳನ್ನು ಹೆಚ್ಚಿಸುವುದು. ಇನ್ನು, ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಯಾರೂ ಗುರುವಾಗುವುದಿಲ್ಲ. ಎಷ್ಟು ದೊಡ್ಡ ಆಟಗಾರರಾದರೂ ಆಗುವುದಿಲ್ಲ. 2001ರಲ್ಲಿ ಕ್ವಾಮಿ ಬ್ರೌನ್ ಶಾಲೆಯಿಂದ ನೇರವಾಗಿ ಬಂದು, ಡ್ರಾಫ್ಟ್‌ನ ಮೊದಲಿಗರಾಗಿ ವಾಷಿಂಗ್ಟನ್ ತಂಡ ಸೇರಿದರು. ಅದೇ ವರ್ಷ ಮೈಕಲ್ ಜೋರ್ಡನ್ ಅದೇ ತಂಡಕ್ಕೆ ಆಡಲು ಇಳಿದರು. ಜೋರ್ಡನ್ ಆ ಹುಡುಗನ ಮೇಲೆ ತೀರಾ ಕಟುವಾಗಿದ್ದರು ಎಂದು ಆಗ ಸಾಕಷ್ಟು ವರದಿಗಳು ಬಂದವು. ಬ್ರೌನ್ ನಿರೀಕ್ಷೆಯ ಎತ್ತರಕ್ಕೆ ಬೆಳೆಯಲಿಲ್ಲ. ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮಲೋನ್ ಕೂಡ ಕಟುವಾಗಿಯೇ ಮಾತಾಡಿದ್ದರು. ಮಾತಾಡಿದ ಮೇಲೆ ಮರುದಿನ ಬೆಳಿಗ್ಗೆ ಜೊತೆಗೆ ಬಂದು ನಿಂತರು, ಅದೇ ವ್ಯತ್ಯಾಸ. ಹಾಗೆಯೇ ಕಿರಿಯರ ಕೈಯಲ್ಲಿ ಚೀಲ ಹೊರಿಸುವುದು, ನಗೆಪಾಟಲು ಮಾಡುವುದು, ಇದನ್ನು ಕೆಲವರು ಸಂಪ್ರದಾಯ ಎನ್ನುತ್ತಾರೆ. ನಾನು ಆಡುತ್ತಿದ್ದ ಕಾಲದಲ್ಲಿ ಒಂದು ತಂಡದ ಹಿರಿಯರು ಹೊಸ ಹುಡುಗಿಯರಿಂದ ಬಟ್ಟೆ ಒಗೆಸುತ್ತಿದ್ದುದನ್ನು ಕಂಡಿದ್ದೇನೆ. ಅದರಿಂದ ಆ ಹುಡುಗಿಯರು ಬಟ್ಟೆ ಒಗೆಯುವುದನ್ನು ಬಿಟ್ಟು ಬೇರೇನೂ ಕಲಿಯಲಿಲ್ಲ, ಇಬ್ಬರು ಆಟವನ್ನೇ ಬಿಟ್ಟರು. ಆಡಲು ಅವಕಾಶ ಸಿಗಲಿಲ್ಲವೆಂದು ಮುಖ ಗಂಟಿಕ್ಕಿಕೊಂಡು ಬೆಂಚಿನ ತುದಿಯಲ್ಲಿ ಕೂರುವ ಹಿರಿಯರನ್ನು ತಂಡ ಇಟ್ಟುಕೊಳ್ಳಬಾರದು. ಇವರನ್ನು ಉಳಿಸಬೇಕೆ ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ನೋಡುವುದು ಎರಡು. ಪಂದ್ಯದಲ್ಲಿ ಅವಕಾಶವಿಲ್ಲ ಎಂದು ಗೊತ್ತಿದ್ದೂ ಅವರು ಅಭ್ಯಾಸವನ್ನು ಪೂರ್ತಿ ಮಾಡುತ್ತಾರೆಯೇ? ಬದಲಿಯಾಗಿ ಹೊರಬಂದ ಹುಡುಗಿ ತಾನಾಗಿ ಯಾರ ಪಕ್ಕದಲ್ಲಿ ಹೋಗಿ ಕೂರುತ್ತಾಳೆ?

ಇದರಿಂದ ಹೊರಡುವ ಇನ್ನೊಂದು ಚಿಂತೆ ನನ್ನನ್ನು ಈಚೆಗೆ ಬಹಳ ಕಾಡುತ್ತಿದೆ. ಮಕ್ಕಳ ಬ್ಯಾಸ್ಕೆಟ್‌ಬಾಲ್ ಎಲ್ಲೆಡೆ ವಯೋಮಿತಿಯ ಮೇಲೆ ನಡೆಯುತ್ತದೆ: 16ರೊಳಗೆ, 18ರೊಳಗೆ. ಪಂದ್ಯಕ್ಕೆ ಅದು ನ್ಯಾಯವೇ. ಆದರೆ ಅಭ್ಯಾಸವನ್ನೂ ಹಾಗೆಯೇ ಕತ್ತರಿಸಿ ಇಟ್ಟಿರುವುದರಿಂದ ಒಂದು ತಂಡದಲ್ಲಿ ಎಲ್ಲರೂ ಒಂದೇ ವಯಸ್ಸಿನವರು, ಎಲ್ಲರೂ ಒಂದೇ ಬಗೆಯ ತಪ್ಪು ಮಾಡುವವರು, ಎಲ್ಲರೂ ಬಾಯಿ ಮುಚ್ಚಿಕೊಂಡು ಓಡುವವರು. ಅವರಿಗೆ ಕೇಳುವ ದೊಡ್ಡ ದನಿ ಕೋಚ್‌ನದು ಒಂದೇ. ನಾನು ಕಲಿಸುವ ಕಡೆ ವಾರಕ್ಕೊಂದು ಸಂಜೆ ಹಳೆಯ ಆಟಗಾರ್ತಿಯರನ್ನು ಕರೆದು ಹುಡುಗಿಯರ ಜೊತೆ ಬೆರೆಸಿ ಆಡಿಸುತ್ತೇವೆ. ಇಬ್ಬರು ದೊಡ್ಡವರು, ಮೂವರು ಚಿಕ್ಕವರು, ಎರಡೂ ಕಡೆ ಹೀಗೆ. ದೊಡ್ಡವರಿಗೆ ಒಂದೇ ನಿಯಮ: ಆಟ ನಿಲ್ಲಿಸಿ ಉಪನ್ಯಾಸ ಕೊಡುವಂತಿಲ್ಲ, ಹೇಳಬೇಕಾದದ್ದನ್ನು ಆಡುತ್ತಲೇ ಹೇಳಬೇಕು. ಒಂದು ಋತು ಕಳೆಯುವಷ್ಟರಲ್ಲಿ ಮಾತೇ ಆಡದಿದ್ದ ನಮ್ಮ ಸೆಂಟರ್ ಹುಡುಗಿ "ಅಕ್ಕ, ಬಲಕ್ಕೆ, ಬಲಕ್ಕೆ!" ಎಂದು ನಲವತ್ತೈದರ ಹೆಂಗಸಿಗೆ ಹಿಂದಿನಿಂದ ಕೂಗುತ್ತಿದ್ದಳು. ಮಕ್ಕಳ ತಂಡ ನಡೆಸುವ ಎಲ್ಲರೂ ಇದನ್ನು ಒಮ್ಮೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಖರ್ಚೇನೂ ಇಲ್ಲ. ಹಳಬರಲ್ಲಿ ಹಲವರು ಯಾರಾದರೂ ಕರೆಯಲಿ ಎಂದೇ ಕಾದಿರುತ್ತಾರೆ.

ಇನ್ನು ನಿಮ್ಮಲ್ಲಿ ಒಂದು ವಿನಂತಿ, ಸಂಪಾದಕರೆ. ಪಂದ್ಯದ ವರದಿಯಲ್ಲಿ ಅಂಕ ಗಳಿಸಿದವರ ಹೆಸರು ಇರಬೇಕಾದದ್ದೇ. ಆದರೆ ನಿಮ್ಮ ವರದಿಗಾರರು ಟೈಮ್‌ಔಟ್ ಆದಾಗ ತಲೆ ತಗ್ಗಿಸಿ ಟಿಪ್ಪಣಿ ಬರೆಯುವ ಬದಲು ಬೆಂಚಿನ ಕಡೆ ನೋಡಲಿ. ಕೋಚ್ ಮಾತು ಮುಗಿಸಿದ ಮೇಲೆ ಉಳಿಯುವ ಹತ್ತು ಸೆಕೆಂಡಿನಲ್ಲಿ ಯಾರು ಯಾರ ಭುಜ ಹಿಡಿದು ಏನು ತೋರಿಸುತ್ತಿದ್ದಾರೆ ಎಂಬುದನ್ನು ಗಮನಿಸಲಿ. ಸಾಧ್ಯವಾದರೆ ಪಂದ್ಯದ ನಂತರ ಆ ಕಿರಿಯರನ್ನು ಕೇಳಿ ಎರಡು ಸಾಲು ಬರೆಯಲಿ. ಹಿರಿಯರೊಬ್ಬರು ನಿವೃತ್ತರಾದಾಗ ಒಟ್ಟು ಅಂಕ, ಒಟ್ಟು ಪಂದ್ಯ ಎಂಬ ಚೌಕಟ್ಟಿನ ಜೊತೆಗೆ, ಅವರ ಜೊತೆ ಆಡಿ ಬೆಳೆದ ಮೂವರ ಮಾತನ್ನೂ ಪ್ರಕಟಿಸಿ. ಅಂಥ ಪುಟ ಬಂದ ದಿನ ಅದನ್ನು ಕತ್ತರಿಸಿ ನಮ್ಮ ಹುಡುಗಿಯರ ಅಭ್ಯಾಸದ ಕೋಣೆಯಲ್ಲಿ ಅಂಟಿಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಬಹುಕಾಲದ ಓದುಗಿ,
ಮಾಜಿ ಪಾಯಿಂಟ್ ಗಾರ್ಡ್, ಈಗ ಬಾಲಕಿಯರ ತಂಡದ ತರಬೇತುದಾರ್ತಿ